ಹಿತ್ತಲ ಕೋಳಿ ಮರಿಗಳಲ್ಲಿ ಹೇಂಟೆ ಮತ್ತು ಹುಂಜಗಳನ್ನು ಗುರುತಿಸುವ ಕ್ರಮ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಾಟಿ ಕೋಳಿ ಸಾಕಾಣಿಕೆಯು ಗ್ರಾಮೀಣ ಮಹಿಳೆಯರ ಉಪ ಆದಾಯವಾಗಿರುತ್ತದೆ. ನಾಗರಹೊಳೆ ಅರಣ್ಯದ ಅಂಚಿನಲ್ಲಿರುವ ವೀರನಹೊಸಹಳ್ಳಿಯಂತಹ ಗ್ರಾಮಗಳಲ್ಲಿ ಮುಂಗುಸಿ, ಹದ್ದುಗಳಿಂದ ಉಳಿದು ಬೆಳೆಯುವ ಮರಿಗಳ ಸಂಖ್ಯೆ ಮೊದಲೇ ಕಡಿಮೆ. ಹೀಗಿರುವಾಗ ಹೇಂಟೆಯನ್ನು ಹುಂಜವೆಂದು ತಿಳಿದು ಮಾರಾಟ ಮಾಡಿದಲ್ಲಿ ಮುಂದಿನ ಮೊಟ್ಟೆ ಹಾಗೂ ಮರಿಗಳ ಆದಾಯ ಕೈತಪ್ಪುತ್ತದೆ. ಆದ್ದರಿಂದ ಸಾಕಾಣಿಕೆದಾರರು ಈ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಅರ್ಜಿದಾರರ ಗಮನಕ್ಕೆ

ಗಂಡು ಹೆಣ್ಣು ಬೇರ್ಪಡಿಸದೆ ಪಡೆದ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಹೇಂಟೆಗಳಿರುತ್ತವೆ. 20 ಮರಿಗಳ ತಂಡದಲ್ಲಿ 7 ರಿಂದ 13 ಹುಂಜಗಳು ಬರುವುದು ಸಹಜ. ಇದು ಮರಿಗಳ ಗುಣಮಟ್ಟದ ದೋಷವಲ್ಲ.

ಒಂದು ದಿನದ ಮರಿಗಳು

ಗುದದ್ವಾರವನ್ನು ಪರೀಕ್ಷಿಸಿ ಲಿಂಗ ತಿಳಿಯುವ ವಿಧಾನವನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ರೂಪಿಸಿದರು. ಇದಕ್ಕೆ ದೀರ್ಘ ತರಬೇತಿ ಅಗತ್ಯ. ತರಬೇತಿ ಇಲ್ಲದವರು ಪ್ರಯತ್ನಿಸಿದಲ್ಲಿ ಮರಿಯ ಕರುಳಿಗೆ ಹಾನಿಯಾಗುವ ಸಂಭವವಿರುವುದರಿಂದ ಮನೆಯಲ್ಲಿ ಮಾಡಕೂಡದು. ರೆಕ್ಕೆಯ ಗರಿಗಳ ಉದ್ದ ನೋಡಿ ಗುರುತಿಸುವ ವಿಧಾನವು ಅದಕ್ಕೆಂದೇ ಸಿದ್ಧಪಡಿಸಿದ ತಳಿಗಳಲ್ಲಿ, ಮೊದಲ ಕೆಲವು ದಿನಗಳಲ್ಲಿ ಮಾತ್ರ ಫಲಿಸುತ್ತದೆ. ಮಿಶ್ರ ಮೂಲದ ನಾಟಿ ಮರಿಗಳಿಗೆ ಇದು ಅನ್ವಯಿಸುವುದಿಲ್ಲ.

ವಯಸ್ಸಿಗೆ ಅನುಗುಣವಾದ ಲಕ್ಷಣಗಳು

1. 5 ರಿಂದ 8 ವಾರ: ಹುಂಜದ ಮರಿಗಳ ಜುಟ್ಟು ಬೇಗ ದಪ್ಪವಾಗಿ ಕೆಂಪೇರುತ್ತದೆ, ಕಾಲುಗಳು ದಪ್ಪವಾಗಿರುತ್ತವೆ. ಹೇಂಟೆ ಮರಿಗಳ ಜುಟ್ಟು ಚಿಕ್ಕದಾಗಿ, ನಸು ಹಳದಿ ಅಥವಾ ತಿಳಿ ಗುಲಾಬಿ ಬಣ್ಣದಲ್ಲಿರುತ್ತದೆ. ಈ ಹಂತದ ನಿರ್ಧಾರವನ್ನು ತಾತ್ಕಾಲಿಕವೆಂದು ಪರಿಗಣಿಸತಕ್ಕದ್ದು.

2. 8 ರಿಂದ 12 ವಾರ: ಹುಂಜಗಳಲ್ಲಿ ಕೊಕ್ಕಿನ ಕೆಳಗಿನ ಜೋಲು ಚರ್ಮ ಬೆಳೆಯುತ್ತದೆ. ಕೆಲವು ಕೂಗಲು ಆರಂಭಿಸುತ್ತವೆ.

3. 12 ರಿಂದ 16 ವಾರ: ಹುಂಜಗಳ ಸೊಂಟದ ಮೇಲೆ ನೀಳವಾದ, ತುದಿ ಚೂಪಾದ, ಹೊಳೆಯುವ ಗರಿಗಳು ಇಳಿಬೀಳುತ್ತವೆ, ಬಾಲದ ಗರಿಗಳು ಕುಡುಗೋಲಿನಂತೆ ಬಾಗುತ್ತವೆ. ಹೇಂಟೆಗಳಲ್ಲಿ ಸೊಂಟದ ಗರಿಗಳ ತುದಿ ದುಂಡಗಿರುತ್ತದೆ. ಹೊರಗಿನಿಂದ ಕಾಣುವ ಲಕ್ಷಣಗಳಲ್ಲಿ ಇದು ಹೆಚ್ಚು ನಂಬಲರ್ಹವಾದುದು.

ವಿಶೇಷ ಸೂಚನೆಗಳು

ಬೋಳು ಕತ್ತಿನ ಕೋಳಿಗಳಲ್ಲಿ ಕತ್ತಿನ ಗರಿಗಳು ಇಲ್ಲದಿರುವುದರಿಂದ ಸೊಂಟದ ಗರಿಗಳನ್ನೇ ನೋಡತಕ್ಕದ್ದು. ಅಸೀಲ್ ಮೂಲದ ಕೋಳಿಗಳಲ್ಲಿ ಹುಂಜದ ಜುಟ್ಟೂ ಚಿಕ್ಕದಾಗಿರುವುದರಿಂದ ಜುಟ್ಟನ್ನು ಮಾತ್ರ ನೋಡಿ ತೀರ್ಮಾನಿಸಕೂಡದು. ಮೊಟ್ಟೆಗೆ ಬರುವ ಸಮಯದಲ್ಲಿ ಹೇಂಟೆಯ ಜುಟ್ಟು ಸಹ ಕೆಂಪಾಗುತ್ತದೆ. ಪುಕ್ಕದ ಬಣ್ಣವು ನಾಟಿ ಮರಿಗಳಲ್ಲಿ ನಿಶ್ಚಿತ ಆಧಾರವಲ್ಲ.

ಆಧಾರವಿಲ್ಲದ ನಂಬಿಕೆಗಳು

ಚೂಪು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹೇಂಟೆ ಹುಟ್ಟುತ್ತದೆ ಎಂಬುದು ಸರಿಯಲ್ಲ. ಮರಿಯ ಲಿಂಗವು ತಾಯಿ ಕೋಳಿಯಿಂದ ಬರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆಯೇ ಹೊರತು ಮೊಟ್ಟೆಯ ಆಕಾರದಿಂದಲ್ಲ. ದಾರಕ್ಕೆ ಸೂಜಿ ಕಟ್ಟಿ ತೂಗಾಡಿಸುವುದರಿಂದಲೂ ಲಿಂಗ ತಿಳಿಯುವುದಿಲ್ಲ.

ಸಾಕಾಣಿಕೆದಾರರು ಅನುಸರಿಸಬೇಕಾದ ಕ್ರಮ

* 8ನೇ ವಾರದ ಸುಮಾರಿಗೆ ರಾಣಿಖೇತ್ (ಕೊಕ್ಕರೆ ರೋಗ) ಲಸಿಕೆ ಹಾಕಿಸುವಾಗ ಪ್ರತಿ ಕೋಳಿಯನ್ನೂ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಆಗಲೇ ಲಕ್ಷಣಗಳನ್ನು ನೋಡಿ, ಹುಂಜವೆಂದು ತೋರುವ ಮರಿಯ ಕಾಲಿಗೆ ಸಡಿಲವಾಗಿ ಬಣ್ಣದ ದಾರ ಕಟ್ಟುವುದು. ಕಾಲು ಬೆಳೆದಂತೆ ದಾರವನ್ನು ಬದಲಾಯಿಸುವುದು.

* 14ನೇ ವಾರದ ಸುಮಾರಿಗೆ ಸೊಂಟದ ಗರಿಗಳನ್ನು ಮತ್ತೊಮ್ಮೆ ಪರಿಶೀಲಿಸಿ ಖಚಿತಪಡಿಸಿಕೊಳ್ಳುವುದು. ಅನುಮಾನವಿರುವ ಕೋಳಿಯನ್ನು ಅದುವರೆಗೆ ಮಾರಾಟ ಮಾಡದಿರುವುದು ಸೂಕ್ತ.

* ಮರಿ ಮಾಡಿಸುವ ಉದ್ದೇಶವಿದ್ದಲ್ಲಿ 8 ರಿಂದ 10 ಹೇಂಟೆಗಳಿಗೆ ಒಂದು ಹುಂಜವನ್ನು ಉಳಿಸಿಕೊಳ್ಳುವುದು. ಅದು ಅದೇ ಹೇಂಟೆಗಳ ಒಡಹುಟ್ಟಿದ ಹುಂಜವಾಗಿರಬಾರದು. ಕೇವಲ ಮೊಟ್ಟೆಗಾಗಿ ಸಾಕುವವರಿಗೆ ಹುಂಜದ ಅಗತ್ಯವಿಲ್ಲ.

* ಹೆಚ್ಚುವರಿ ಹುಂಜಗಳನ್ನು ಯುಗಾದಿಯ ಹೊಸತೊಡಕು, ಮಾರಿಹಬ್ಬ ಮುಂತಾದ ಬೇಡಿಕೆಯ ಸಂದರ್ಭಗಳಿಗೆ ಹೊಂದುವಂತೆ ಬೆಳೆಸಿ ಮಾರಾಟ ಮಾಡಬಹುದಾಗಿದೆ.

ಹೆಚ್ಚಿನ ಮಾಹಿತಿಗಾಗಿ ಹತ್ತಿರದ ಪಶು ಆಸ್ಪತ್ರೆ ಅಥವಾ ಪಶು ಚಿಕಿತ್ಸಾಲಯದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸುವುದು.