ಗಂಡು ಗಿಡ ಹುಡುಕುವ ಕಣ್ಣು

ಹೋದ ಮಳೆಗಾಲದಲ್ಲಿ ಪುಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ದಾಸವಾಳದ ಕಡ್ಡಿ ನೆಟ್ಟಿದ್ದೆ. ಊರಿಂದ ಹೊರಡುವಾಗ ಅಮ್ಮ ಒದ್ದೆ ಪೇಪರ್‌ನಲ್ಲಿ ಸುತ್ತಿ ಕೊಟ್ಟಿದ್ದು. ಆರರಲ್ಲಿ ಎರಡಕ್ಕೆ ಬೇರು ಬಂತು. ಅದನ್ನ ನೋಡಿದ ಗೆಳೆಯನೊಬ್ಬ ನಗ್ತಾ ಕೇಳಿದ: "ಅಮೆರಿಕದಲ್ಲಿ ಮನೇಲಿ ಗಾಂಜಾ ಬೆಳೆಯೋರೂ ಹೀಗೇ ಕಡ್ಡಿ ನೆಡ್ತಾರಂತೆ. ಬೀಜ ಹಾಕಿದ್ರೆ ಆಗಲ್ವಾ?" ಉತ್ತರ ಹುಡುಕ್ತಾ ಹೋದವನು ಕೊನೆಗೆ ತಲುಪಿದ್ದು ಅಮೆರಿಕಕ್ಕಲ್ಲ, ಈಗಿನ ಬಾಂಗ್ಲಾದೇಶದ ನೌಗಾಂವ್‌ಗೆ.

ಮುಂದೆ ಹೋಗೋ ಮುಂಚೆ ಒಂದು ಮಾತು. ನಮ್ಮ ದೇಶದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಈ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಬಾಲ್ಕನಿಯ ಒಂದು ಕುಂಡ ಅಂತ ರಿಯಾಯಿತಿ ಏನಿಲ್ಲ. ಹಾಗಾಗಿ ಇದು ಕೃಷಿ ಪಾಠ ಅಲ್ಲ, ಇತಿಹಾಸ.

ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪಪ್ಪಾಯಿ ಹಾಕಿದವರಿಗೆ ಈ ತಲೆನೋವು ಗೊತ್ತು. ಆದರೆ ಪಪ್ಪಾಯಿಯಲ್ಲಿ ನಮಗೆ ಬೇಕಾದ್ದು ಹಣ್ಣು. ಇಲ್ಲಿ ಬೇಕಾದ್ದು ಬೀಜ ಕಟ್ಟದ ಹೆಣ್ಣು ಹೂವು. ಪರಾಗ ಸಿಗದ ಹೆಣ್ಣು ಗಿಡ ಕಾಯುತ್ತಾ ಹೂವಿನ ಮೇಲೆ ಹೂವು ಬಿಡುತ್ತೆ, ಅಂಟು ಜಾಸ್ತಿಯಾಗುತ್ತೆ. ಪರಾಗ ಸಿಕ್ಕಿದರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ. ಪರಾಗ ಬರೋದು ಗಾಳಿಯಲ್ಲಿ. ಅಂದ್ರೆ ಹೊಲದಲ್ಲಿ ಒಂದೇ ಒಂದು ಗಂಡು ಉಳಿದರೂ ಹಾಳಾಗೋದು ಆ ಹೊಲ ಮಾತ್ರ ಅಲ್ಲ, ಪಕ್ಕದವನದ್ದೂ ಹೋಯ್ತು. ಬೀಜ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ, ಸಸಿ ನೋಡಿದರೂ ಗೊತ್ತಾಗಲ್ಲ.

19ನೇ ಶತಮಾನದ ಬಂಗಾಳದಲ್ಲಿ ಸರ್ಕಾರ ಲೈಸೆನ್ಸ್ ಕೊಟ್ಟು ಗಾಂಜಾ ಬೆಳೆಸುತ್ತಿತ್ತು. ರಾಜಶಾಹಿ, ಬೋಗ್ರಾ, ದಿನಾಜ್‌ಪುರ ಜಿಲ್ಲೆಗಳು ಸೇರುವ ಜಾಗದಲ್ಲಿ ನೌಗಾಂವ್ ಸುತ್ತ ಅದಕ್ಕೇ ಮೀಸಲಾದ ಪ್ರದೇಶ, ಹೆಸರು ಗಾಂಜಾ ಮಹಲ್. ಮಳೆಗಾಲದಲ್ಲಿ ಮಡಿಯಲ್ಲಿ ಬೀಜ ಚೆಲ್ಲೋದು, ಸೆಪ್ಟೆಂಬರ್ ಹೊತ್ತಿಗೆ ಏರಿ ಮಾಡಿ ಸಸಿ ನಾಟಿ. ನಮ್ಮ ಕಡೆ ಮೆಣಸಿನ ಸಸಿಗೆ ಮಾಡೋ ಹಾಗೇ. ಆಮೇಲೆ ಗೊಬ್ಬರ, ಹಿಂಡಿ, ಕಳೆ. ಇಷ್ಟನ್ನು ಯಾವ ರೈತ ಬೇಕಾದರೂ ಮಾಡಬಲ್ಲ.

ನವೆಂಬರ್‌ನಲ್ಲಿ ಮಾತ್ರ ರೈತ ಕೈಕಟ್ಟಿ ನಿಂತು ಬೇರೊಬ್ಬನನ್ನ ಕರೆಸುತ್ತಿದ್ದ. ಅವನ ಹೆಸರು ಪೊದ್ದಾರ. ಅಧಿಕಾರಿಗಳ ವರದಿಗಳಲ್ಲಿ ಅವನನ್ನ 'ಗಾಂಜಾ ಡಾಕ್ಟರ್' ಅಂತಲೂ ಕರೆದಿದ್ದಾರೆ. ಅವನು ಕೂಲಿಗೆ ಬಂದು ಸಾಲುಗಳ ನಡುವೆ ನಡೆಯುತ್ತಾ, ಹೂವು ಬಿರಿಯೋ ಮುಂಚೆಯೇ ಗೆಣ್ಣಿನ ಹತ್ತಿರದ ಚಿಕ್ಕ ಮೊಗ್ಗು ನೋಡಿ ಗಂಡು ಗಿಡಗಳನ್ನ ಗುರುತು ಮಾಡುತ್ತಾ ಹೋಗೋದು. ಗುರುತಾದ ಗಿಡಗಳನ್ನ ಕೀಳುತ್ತಿದ್ದರು. ಒಂದು ಸಲ ನೋಡಿದರೆ ಸಾಕಾಗುತ್ತಿರಲಿಲ್ಲ. ತಡವಾಗಿ ಮೊಗ್ಗು ಬಿಡೋವೂ ಇರುತ್ತಿದ್ದವು, ಹೆಣ್ಣು ಗಿಡದಲ್ಲೇ ಅಲ್ಲೊಂದು ಇಲ್ಲೊಂದು ಗಂಡು ಹೂವೂ ಬರುತ್ತಿತ್ತು. ಇಡೀ ವರ್ಷದ ದುಡಿಮೆ, ಮೇಲೆ ಸಾಲ, ಎಲ್ಲಾ ಆ ಒಬ್ಬನ ಕಣ್ಣಿನ ಮೇಲೆ. ರಿಲೀಸ್‌ಗೆ ಮುಂಚೆ ಒಬ್ಬನೇ ಟೆಸ್ಟರ್ ಇಡೀ ಕೋಡ್ ನೋಡೋ ಹಾಗೆ. ರೋಲ್‌ಬ್ಯಾಕ್ ಮಾತ್ರ ಇಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಕಟಾವು. ಬಯಲಿನ ಕಣದಲ್ಲಿ ಬಾಡಿಸಿ, ಕಾಲಲ್ಲಿ ತುಳಿದು ಚಪ್ಪಟೆ ಗಾಂಜಾ ಮಾಡುತ್ತಿದ್ದರು. ಉರುಳಿಸಿದರೆ ಉರುಟು ಗಾಂಜಾ, ಉದುರಿದ್ದು ಚೂರ್. ಮೂರಕ್ಕೂ ಸುಂಕ ಬೇರೆ ಬೇರೆ. ಮಾಲೆಲ್ಲ ಸರ್ಕಾರದ ಕಣ್ಗಾವಲಿನಲ್ಲಿ ನೌಗಾಂವ್ ಗೋದಾಮಿಗೆ.

1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು, ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಬಂತು. 1,193 ಸಾಕ್ಷಿಗಳು, ಸಂಪುಟಗಟ್ಟಲೆ ವರದಿ. ನಿಷೇಧ ಬೇಡ, ಸುಂಕ ಮತ್ತು ನಿಯಂತ್ರಣ ಇರಲಿ ಅಂದಿತು. ಈ ವರದಿಯ ತೀರ್ಮಾನವನ್ನ ಎಲ್ಲರೂ ಉದಾಹರಿಸ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಕೃಷಿಯ ಪುಟಗಳು. ಆದರೆ ನಾನು ಓದಿದ ಆ ಪುಟಗಳಲ್ಲಿ ಒಬ್ಬ ಪೊದ್ದಾರನ ಹೆಸರೂ ಕಾಣಲಿಲ್ಲ.

ಇದು ಹಳ್ಳಿಯವರ ಕಸುಬು ತಾನೇ ಅಂತ ಹಗುರ ಮಾಡಬೇಡಿ. ಯುರೋಪಿನಲ್ಲಿ ನಾರಿಗಾಗಿ ಇದೇ ಜಾತಿಯ ಸೆಣಬನ್ನ ಶತಮಾನಗಳ ಕಾಲ ಬೆಳೆದರೂ ಇಂಗ್ಲಿಷ್ ರೈತರು ಹೆಸರನ್ನ ಉಲ್ಟಾ ಇಟ್ಟಿದ್ದರು. ಬೀಜ ಬಿಡುವ ದಪ್ಪ ಗಿಡಕ್ಕೆ 'ಕಾರ್ಲ್', ಅಂದರೆ ಗಂಡಸು. ಬಡಕಲು ಗಂಡು ಗಿಡಕ್ಕೆ 'ಫಿಂಬಲ್', ಅಂದರೆ ಹೆಣ್ಣು! ಗಿಡಗಳಿಗೂ ಲಿಂಗ ಇದೆ ಅಂತ 1694ರಲ್ಲಿ ಪ್ರಯೋಗ ಮಾಡಿ ಬರೆದ ಜರ್ಮನಿಯ ಕ್ಯಾಮರೇರಿಯಸ್ ಕೂಡ ಈ ಗಿಡದ ಹತ್ತಿರ ಸೋತ. ಗಂಡು ಗಿಡ ಕಿತ್ತರೂ ಅವನ ಹೆಣ್ಣು ಗಿಡಗಳಲ್ಲಿ ಒಂದಷ್ಟು ಒಳ್ಳೇ ಬೀಜ ಕಟ್ಟಿತು. ಪಾಪ, ಅದನ್ನ ಮುಚ್ಚಿಡದೆ ಬರೆದಿದ್ದಾನೆ.

ಈಗ ಗೆಳೆಯನ ಪ್ರಶ್ನೆಗೆ ಬರೋಣ. ಹೆಣ್ಣು ಗಿಡದಿಂದ ಮುರಿದ ಕಡ್ಡಿ ಬೇರು ಬಿಟ್ಟರೆ ಅದೂ ಹೆಣ್ಣೇ. ಹುಡುಕೋ ಕೆಲಸವೇ ಇಲ್ಲ. ಕಬ್ಬು, ಮಲ್ಲಿಗೆ, ದಾಸವಾಳ ಎಲ್ಲಾ ನಾವು ಹೀಗೇ ತಲತಲಾಂತರದಿಂದ ಬೆಳೆಸಿದ್ದೀವಿ. ಗಾಂಜಾ ಹಾಗಲ್ಲ, ಅದರದ್ದು ಒಂದೇ ವರ್ಷದ ಆಯಸ್ಸು. ಹೆಣ್ಣು ಅಂತ ಗೊತ್ತಾಗೋ ಹೊತ್ತಿಗೆ ಗಿಡ ಹೂವಿಗೆ ಬಂದು ಸಾಯೋಕೆ ಹೊರಟಿರುತ್ತೆ.

ಆ ಬೀಗ ತೆಗೆದಿದ್ದು ಎರಡು ಬೇರೆ ಬೇರೆ ಸಂಶೋಧನೆ. ಒಂದು ಬೆಳಕಿನದ್ದು. ಫ್ರಾನ್ಸಿನ ಜೂಲಿಯನ್ ಟೂರ್ನ್ವಾ 1912ರ ಸುಮಾರಿಗೆ ಹಾಪ್ಸ್ ಮತ್ತು ಇದೇ ಸೆಣಬಿನ ಗಿಡ ಹಗಲು ಚಿಕ್ಕದಾದರೆ ಬೇಗ ಹೂ ಬಿಡೋದನ್ನ ಕಂಡ. ಮೊದಲ ಮಹಾಯುದ್ಧದಲ್ಲಿ ಸತ್ತುಹೋದ, ಕೆಲಸ ಅಲ್ಲಿಗೇ ನಿಂತಿತು. 1920ರಲ್ಲಿ ಅಮೆರಿಕದ ಗಾರ್ನರ್, ಅಲಾರ್ಡ್ ಬೇರೆ ಬೆಳೆಗಳಲ್ಲಿ ಅದನ್ನ ಗಟ್ಟಿಮಾಡಿ ತೋರಿಸಿದರು. ದೀಪ ಹಾಕಿ ಹಗಲನ್ನ ಉದ್ದ ಮಾಡಿದರೆ ತಾಯಿಗಿಡ ಹೂವಿಗೇ ಬರದೆ ವರ್ಷಗಟ್ಟಲೆ ಹಸಿರಾಗಿ ನಿಲ್ಲುತ್ತೆ. ಇನ್ನೊಂದು ಬೇರಿನದ್ದು. 1930ರ ದಶಕದಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ಕಡ್ಡಿಯಲ್ಲಿ ಬೇರು ಹುಟ್ಟಿಸುತ್ತೆ ಅಂತ ಗೊತ್ತಾಯ್ತು. ನರ್ಸರಿಯಲ್ಲಿ ಸಿಗೋ ಬೇರಿನ ಪುಡಿ ಅದರ ಮೊಮ್ಮಗು. ನಾನು ಅದನ್ನ ಹಾಕಿರಲಿಲ್ಲ, ಅದಕ್ಕೇ ಆರರಲ್ಲಿ ಎರಡು.

ಇವೆರಡೂ ಮನೆಯೊಳಗೆ ಸೇರಿದ್ದು ಕ್ಯಾಲಿಫೋರ್ನಿಯಾದಲ್ಲಿ. 1970ರ ದಶಕದಲ್ಲಿ ಅಲ್ಲಿ 'ಸಿನ್ಸೆಮಿಯಾ', ಅಂದರೆ ಬೀಜವಿಲ್ಲದ್ದು, ಹೊಸ ಸರಕು ಅಂತ ಹೆಸರಾಯ್ತು. ನೌಗಾಂವ್‌ನವರು ಕೇಳಿದ್ದರೆ ನಗುತ್ತಿದ್ದರು. 1983ರಿಂದ ಅಲ್ಲಿನ ಸರ್ಕಾರ ಹೆಲಿಕಾಪ್ಟರ್‌ನಲ್ಲಿ ತೋಟ ಹುಡುಕೋಕೆ ಶುರು ಮಾಡಿದ ಮೇಲೆ ಎಷ್ಟೋ ಬೆಳೆಗಾರರು ಗಿಡವನ್ನ ಗ್ಯಾರೇಜಿಗೆ, ಅಟ್ಟಕ್ಕೆ ತಂದರು. ಹತ್ತು ಗಿಡಕ್ಕಷ್ಟೇ ಜಾಗ ಇರುವಾಗ ಐದು ಗಂಡಾದರೆ ಹೇಗೆ? ಹಾಗಾಗಿ ತಾಯಿಗಿಡ, ಅದರ ಕಡ್ಡಿ, ಮತ್ತೆ ಅದರ ಕಡ್ಡಿ. ಕಟಾವಿನ ದಿನವನ್ನೂ ಟೈಮರ್ ಸ್ವಿಚ್ಚೇ ನಿರ್ಧರಿಸಿತು.

ಅತ್ತ ನೌಗಾಂವ್‌ನಲ್ಲಿ ರೈತರು 1917ರಲ್ಲಿ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಅದರ ಲಾಭದಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಆದವು. 1980ರ ದಶಕದ ಕೊನೆಗೆ ಬಾಂಗ್ಲಾದೇಶ ಬೆಳೆಯನ್ನೇ ನಿಲ್ಲಿಸಿತು. ಪೊದ್ದಾರನಿಗೆ ನವೆಂಬರ್‌ನಲ್ಲಿ ಕರೆ ಬರೋದೂ ಅಲ್ಲಿಗೆ ನಿಂತಿತು.

ಕಟಿಂಗ್ ಗೆದ್ದಿತು ಅನ್ನೋಣವಾ? ಕಾಪಿ ಮಾಡಿದ ಕೋಡ್‌ನಲ್ಲಿ ಬಗ್ ಕೂಡ ಕಾಪಿ ಆಗುತ್ತೆ. ನಂಜನಗೂಡು ರಸಬಾಳೆಗೆ ಪನಾಮಾ ರೋಗ ಬಡಿದಾಗ ಏನಾಯ್ತು ಅಂತ ಮೈಸೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಎಲ್ಲಾ ಗಿಡವೂ ಒಂದೇ, ರೋಗದ ಮುಂದೆ ಎಲ್ಲವೂ ಒಂದೇ. ಕ್ಯಾಲಿಫೋರ್ನಿಯಾದಲ್ಲೂ ಗಿಡಗಳು ಕಾರಣವಿಲ್ಲದೆ ಸೊರಗಿ, ಹೂವು ಚಿಕ್ಕದಾಗಿ, ಅಂಟು ಕಡಿಮೆಯಾಗೋಕೆ ಶುರುವಾಯ್ತು. 2019ರಲ್ಲಿ ಕಾರಣ ಪ್ರಕಟವಾಯ್ತು: ಹಾಪ್ ಲೇಟೆಂಟ್ ವೈರಾಯ್ಡ್. ವೈರಸ್‌ಗಿಂತಲೂ ಚಿಕ್ಕದು, ಬರೀ ಆರ್‌ಎನ್‌ಎ ಉಂಗುರ. ತಾಯಿಗಿಡಕ್ಕೆ ಬಂದರೆ ಅದರ ಕಡ್ಡಿಗಳಿಗೂ ಹೋಗುತ್ತೆ, ಕತ್ತರಿಸಿದ ಬ್ಲೇಡಿನಿಂದ ಪಕ್ಕದ ಗಿಡಕ್ಕೂ ಹೋಗುತ್ತೆ. ತಾಯಿ ಎಷ್ಟೋ ಸಲ ಆರೋಗ್ಯವಾಗೇ ಕಾಣುತ್ತೆ, ಕಣ್ಣಿಗೆ ಏನೂ ಸಿಗಲ್ಲ.

ಹಾಗಾಗಿ ಈಗ ಅಲ್ಲಿನ ಲೈಸೆನ್ಸ್ ಇರೋ ತೋಟಗಳಿಂದ ತಾಯಿಗಿಡದ ಎಲೆ, ಬೇರಿನ ಚೂರು ಲ್ಯಾಬಿಗೆ ಹೋಗುತ್ತೆ. ಪಿಸಿಆರ್ ಟೆಸ್ಟ್ ಆಗುತ್ತೆ, ಯಾವುದನ್ನ ಕೀಳಬೇಕು ಅಂತ ರಿಪೋರ್ಟ್ ಬರುತ್ತೆ. ಕೆಲವರು ಮತ್ತೆ ಬೀಜದಿಂದಲೇ ಶುರು ಮಾಡ್ತಿದ್ದಾರೆ.