ಸುವರ್ಣಗಿರಿಯೂ ರಸಗ್ರಂಥಗಳೂ

ಮೌರ್ಯರ ಸುವರ್ಣಗಿರಿಯನ್ನು ಕೆಲವು ವಿದ್ವಾಂಸರು ಗಂಗಾವತಿ ಸೀಮೆಯ ಕನಕಗಿರಿಯೆಂದು ಗುರುತಿಸಿದ್ದಾರೆ. ಕುಷ್ಟಗಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಂತೂ ಸುಮಾರು 2000 ವರ್ಷಗಳಷ್ಟು ಹಳೆಯ ಗಣಿಗಳುಂಟು. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಕಂಡವನೂ ಬೀಡನ್ ಎಂಬ ಗಣಿ ಎಂಜಿನಿಯರನೇ! ಇಷ್ಟರಿಂದಲೇ ರಸಗ್ರಂಥಗಳ ದ್ರಾವಣವಿಧಿಗಳನ್ನು ಈ ಗಣಿಗಳಿಗೆ ಅನ್ವಯಿಸುವುದು ಯುಕ್ತವಲ್ಲ. ಮೈಲುತುತ್ತದ ನೀರಿನಲ್ಲಿ ಅದ್ದಿದ ಕಬ್ಬಿಣಕ್ಕೆ ತಾಮ್ರದ ಲೇಪವಾಗುವುದು ದಿಟ. ಕಬ್ಬಿಣವೇ ತಾಮ್ರವಾಗಿ ಪರಿಣಮಿಸಿತೆಂಬುದು ಭ್ರಮೆ. ಹಟ್ಟಿಯ ಪ್ರಾಚೀನರು ಅದಿರನ್ನು ಕುಟ್ಟಿ, ಅರೆದು, ತೊಳೆದು ಚಿನ್ನ ಪಡೆದರು. ಗಂಧಕ-ಪಾಷಾಣಗಳ ಖನಿಜದೊಳಗೆ ಸಿಲುಕಿದ ಸೂಕ್ಷ್ಮಕಣಗಳು ಅವರಿಗೆ ದಕ್ಕುವಂತಿರಲಿಲ್ಲ. ಸಯನೈಡಿನಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ಕ್ರಮಕ್ಕೆ ಗ್ಲಾಸ್ಗೋದ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಪೇಟೆಂಟು ಪಡೆದುದು 1887ರಲ್ಲಿ. ಜೈನನಾದ ಠಕ್ಕುರ ಫೇರು 1318ರ ‘ದ್ರವ್ಯಪರೀಕ್ಷೆ’ಯಲ್ಲಿ ನುಡಿದುದು ದೆಹಲಿಯ ಟಂಕಸಾಲೆಯ ಸ್ವಾನುಭವವನ್ನು, ನಮ್ಮ ಓಲೆಗರಿಗಳ ರಸಪ್ರಕರಣಗಳಲ್ಲಿ ಕಂಡುದೆಷ್ಟು, ಕೇಳಿದುದೆಷ್ಟು ಎಂಬುದನ್ನು ಪಾಠಾಂತರಗಳಿಂದಲೇ ವಿವೇಚಿಸಬೇಕು.