ಮಾಂಟೆ ಕಾರ್ಲೋದಲ್ಲಿ ದೊಡ್ಡಪ್ಪನ ನೆನಪು

ನಮ್ಮ ಮನೆಯಲ್ಲಿ ಇಸ್ಪೀಟು ಎಲೆ ಕಂಡರೆ ಅಮ್ಮ ಹಾವು ಕಂಡಷ್ಟು ಹೆದರುತ್ತಾಳೆ. ಬೇಸಿಗೆ ರಜೆಯಲ್ಲಿ ಕತ್ತೆ ಆಟ ಆಡೋಕೂ ನಮ್ಮನ್ನು ಬಿಟ್ಟವಳಲ್ಲ. ಅದಕ್ಕೆ ಕಾರಣ ನನ್ನ ದೊಡ್ಡಪ್ಪ. ನಾನು ಹುಟ್ಟೋಕೆ ಮೊದಲೇ, ಜಾತ್ರೆಗಳ ಅಂದರ್-ಬಾಹರ್ ಆಟದಲ್ಲಿ ಕೂತು ಕೂತು ತನ್ನ ಪಾಲಿನ ಎರಡೆಕರೆ ಅಡಿಕೆ ತೋಟ ಕಳಕೊಂಡವರು. "ಇಷ್ಟು ಸಲ ಒಳಗೇ ಬಿದ್ದಿದೆ, ಈಗ ಹೊರಗೆ ಬರಲೇಬೇಕು" ಅನ್ನೋದು ಅವರ ಮಾತಾಗಿತ್ತಂತೆ. ಎಲ್ಲ ಹೋದ ರಾತ್ರಿ, ಗೆದ್ದವರೇ ಬಸ್ ಚಾರ್ಜಿಗೆ ಅಂತ ಎರಡು ರೂಪಾಯಿ ಕೊಟ್ಟು ಕಳಿಸಿದ್ದರಂತೆ.

ಅಂಥ ಮನೆಯಲ್ಲಿ ಬೆಳೆದ ನಾನು ಮೊನ್ನೆ ಮಾಂಟೆ ಕಾರ್ಲೋ ಕ್ಯಾಸಿನೋದ ಮೆಟ್ಟಿಲು ಹತ್ತಿದೆ!

ಆಫೀಸಿನವರು ಎರಡು ತಿಂಗಳ ಮಟ್ಟಿಗೆ ಫ್ರಾನ್ಸಿನ ನೀಸ್ ಊರಿಗೆ ಕಳಿಸಿದ್ದರು. ಅಲ್ಲಿಂದ ಮೊನಾಕೋಗೆ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹೋಗೋಕೆ ನನಗೆ ಇನ್ನೊಂದು ನೆಪವೂ ಇತ್ತು. ಎರಡು ವರ್ಷದಿಂದ ನಾನು ಬರೆಯುತ್ತಿರೋದು ಸಾಲದ ರಿಸ್ಕ್ ಲೆಕ್ಕ ಹಾಕೋ ಕೋಡು. ಅದರಲ್ಲಿ ದಿನಾ ಬಳಸೋ ವಿಧಾನದ ಹೆಸರೇ ಮಾಂಟೆ ಕಾರ್ಲೋ ಸಿಮ್ಯುಲೇಶನ್. ಹೆಸರು ಕೊಟ್ಟ ಊರನ್ನು ನೋಡದೇ ಇರೋದು ಹೇಗೆ ಅಂತ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಹೊರಟೆ.

ಮೊನಾಕೋ ಅನ್ನೋ ದೇಶ ಒಟ್ಟು ಎರಡು ಚದರ ಕಿಲೋಮೀಟರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಇಲ್ಲಿನ ರಾಜಮನೆತನ ಗ್ರಿಮಾಲ್ಡಿಗಳದ್ದು. 1297ರಲ್ಲಿ ಆ ವಂಶದ ಒಬ್ಬ ಸನ್ಯಾಸಿ ವೇಷ ಹಾಕಿ ಕೋಟೆಯೊಳಗೆ ನುಗ್ಗಿದ ಅನ್ನೋದು ಅವರು ಹೆಮ್ಮೆಯಿಂದ ಹೇಳೋ ಕಥೆ. ಅವರ ಲಾಂಛನದಲ್ಲಿ ಇವತ್ತಿಗೂ ಕತ್ತಿ ಹಿಡಿದ ಇಬ್ಬರು ಸನ್ಯಾಸಿಗಳಿದ್ದಾರೆ.

ಈ ಪುಟ್ಟ ರಾಜ್ಯ ಜೂಜಿಗೆ ಇಳಿದದ್ದು ಶೋಕಿಗಲ್ಲ, ಹೊಟ್ಟೆಪಾಡಿಗೆ. ಮೆಂಟನ್ ಮತ್ತು ರೋಕ್‌ಬ್ರೂನ್ ಅನ್ನೋ ಎರಡು ಊರುಗಳ ನಿಂಬೆ, ಆಲಿವ್ ತೋಟಗಳೇ ಅದರ ಆದಾಯದ ಮೂಲ. ತೆರಿಗೆ ಹೊರೆ ತಾಳಲಾರದೆ 1848ರಲ್ಲಿ ಆ ಎರಡೂ ಊರುಗಳು ದಂಗೆಯೆದ್ದು ಕೈಬಿಟ್ಟು ಹೋದವು. 1861ರಲ್ಲಿ ರಾಜ ಮೂರನೇ ಚಾರ್ಲ್ಸ್ 40 ಲಕ್ಷ ಫ್ರಾಂಕಿಗೆ ಅವುಗಳ ಹಕ್ಕನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ದೇಶದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ನೆಲ ಹೋಯಿತು! ಉಳಿದದ್ದು ಬಂಡೆ. ತೋಟ ಹೋದ ಮೇಲೆ ಜೂಜಿಗೆ ಬಂದವರು ಇವರು. ನಮ್ಮ ದೊಡ್ಡಪ್ಪನದು ಉಲ್ಟಾ.

ಜೂಜಿನ ಮನೆ ತೆರೆಯೋ ಉಪಾಯ ರಾಜನ ತಾಯಿ ಕ್ಯಾರೋಲಿನ್‌ಳದ್ದು. 1856ರಲ್ಲೇ ಲೈಸೆನ್ಸ್ ಕೊಟ್ಟು ನೋಡಿದರು. ಆದರೆ ರಸ್ತೆ ಇಲ್ಲ, ರೈಲಿಲ್ಲ, ಆಡೋಕೆ ಬರೋರು ಯಾರು? ಒಬ್ಬರಾದ ಮೇಲೆ ಒಬ್ಬರು ಗುತ್ತಿಗೆದಾರರು ಕೈ ಸುಟ್ಟುಕೊಂಡರು. ಆಗ ಬಂದವನೇ ಫ್ರಾಂಸ್ವಾ ಬ್ಲಾಂ.

ಈ ಬ್ಲಾಂ ಕಥೆ ನಮ್ಮ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗುತ್ತೆ. ಆಗಿನ್ನೂ ವಿದ್ಯುತ್ ಟೆಲಿಗ್ರಾಫ್ ಬಂದಿರಲಿಲ್ಲ. ಫ್ರಾನ್ಸ್ ಸರ್ಕಾರ ಗೋಪುರಗಳ ಮೇಲೆ ಮರದ ತೋಳುಗಳನ್ನು ಆಡಿಸಿ, ಗೋಪುರದಿಂದ ಗೋಪುರಕ್ಕೆ ಸಂದೇಶ ಕಳಿಸುತ್ತಿತ್ತು. ಬ್ಲಾಂ ಮತ್ತವನ ಅವಳಿ ಸೋದರ ಬೋರ್ಡೋದಲ್ಲಿ ಕೂತು, ದಾರಿಯಲ್ಲಿನ ಒಬ್ಬ ಆಪರೇಟರನಿಗೆ ಲಂಚ ಕೊಟ್ಟರು. ಅವನು ಸರ್ಕಾರಿ ಸಂದೇಶದ ನಡುವೆ ಒಂದು 'ತಪ್ಪು' ಚಿಹ್ನೆ ಸೇರಿಸಿ, ಹಿಂದೆಯೇ ಅದನ್ನು ಅಳಿಸೋ ಚಿಹ್ನೆಯನ್ನೂ ಕಳಿಸುತ್ತಿದ್ದ. ಕೊನೆಯ ಗೋಪುರದಲ್ಲಿ ತಪ್ಪು ಅಳಿಸಿ ಹೋಗುತ್ತಿತ್ತು. ಆದರೆ ಅಷ್ಟರೊಳಗೆ ಇವರ ಕಡೆಯವನು ಅದನ್ನು ನೋಡಿಯಾಗಿರುತ್ತಿತ್ತು. ಪ್ಯಾರಿಸ್ ಷೇರು ಪೇಟೆ ಏರಿತೋ ಇಳಿಯಿತೋ ಅನ್ನೋದು ಬೋರ್ಡೋದಲ್ಲಿ ಎಲ್ಲರಿಗಿಂತ ಮೊದಲು ಇವರಿಗೆ ಗೊತ್ತು! 1834ರಿಂದ ಎರಡು ವರ್ಷ ನಡೆದ ಈ ಆಟ ಕೊನೆಗೆ ಸಿಕ್ಕಿಬಿತ್ತು. ಇಂಥದ್ದಕ್ಕೆ ಆಗ ಕಾನೂನೇ ಇಲ್ಲದ್ದರಿಂದ ಹೆಚ್ಚು ಶಿಕ್ಷೆಯಾಗದೆ ಪಾರಾದರು. ಅಲ್ಲಿಂದ ಜರ್ಮನಿಯ ಬಾಡ್ ಹೋಂಬುರ್ಗ್‌ಗೆ ಹೋಗಿ ಕ್ಯಾಸಿನೋ ನಡೆಸಿ ಶ್ರೀಮಂತರಾದರು.

1863ರಲ್ಲಿ ಬ್ಲಾಂ 17 ಲಕ್ಷ ಫ್ರಾಂಕ್ ಕೊಟ್ಟು ಮೊನಾಕೋದ ಜೂಜಿನ ಹಕ್ಕನ್ನು 50 ವರ್ಷಕ್ಕೆ ಕೊಂಡ. 1866ರಲ್ಲಿ ಆ ಬೋಳುಗುಡ್ಡಕ್ಕೆ ರಾಜನ ಹೆಸರಿಟ್ಟರು. ಮಾಂಟೆ ಕಾರ್ಲೋ, ಅಂದರೆ ಚಾರ್ಲ್ಸ್ ಬೆಟ್ಟ. 1868ರಲ್ಲಿ ರೈಲು ಬಂತು. ಮರುವರ್ಷವೇ ರಾಜ ತನ್ನ ಪ್ರಜೆಗಳ ನೇರ ತೆರಿಗೆ ರದ್ದು ಮಾಡಿದ. ಜರ್ಮನಿಯಲ್ಲಿ 1872ರ ಕೊನೆಗೆ ಕ್ಯಾಸಿನೋಗಳು ಮುಚ್ಚಿದ್ದೇ ತಡ, ಯುರೋಪಿನ ದುಡ್ಡೆಲ್ಲ ಈ ಬಂಡೆಯ ಕಡೆ ಹರಿಯಿತು. ಪ್ಯಾರಿಸ್ಸಿನ ಒಪೆರಾ ಕಟ್ಟಿದ ಚಾರ್ಲ್ಸ್ ಗಾರ್ನಿಯೇನೇ ಬಂದು ಇಲ್ಲೂ ಒಂದು ಒಪೆರಾ ಕಟ್ಟಿದ, 1879ರಲ್ಲಿ ಶುರುವಾಯಿತು. ಫ್ರೆಂಚಿನಲ್ಲಿ ಬ್ಲಾಂ ಅಂದರೆ ಬಿಳಿ. ರೂಲೆಟ್‌ನಲ್ಲಿ ಕೆಂಪೂ ಗೆಲ್ಲುತ್ತೆ, ಕಪ್ಪೂ ಗೆಲ್ಲುತ್ತೆ, ಆದರೆ ಯಾವಾಗಲೂ ಗೆಲ್ಲೋದು ಬಿಳಿ ಅಂತ ಜನ ಆಡಿಕೊಳ್ಳುತ್ತಿದ್ದರಂತೆ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮೊನಾಕೋದ ಸ್ವಂತ ಪ್ರಜೆಗಳು ಇಲ್ಲಿ ಜೂಜಾಡುವಂತಿಲ್ಲ. ಅವತ್ತಿಂದ ಇವತ್ತಿನವರೆಗೂ ನಿಷೇಧ. ಅಡುಗೆ ಮಾಡಿದವರೇ ತಮ್ಮ ಮಕ್ಕಳಿಗೆ ಬಡಿಸದ ಊಟ ಇದು!

ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋದೆ. ಎತ್ತರದ ಚಾವಣಿ, ಚಿನ್ನದ ಕುಸುರಿ, ತೂಗುದೀಪಗಳು. ದೇವಸ್ಥಾನದಷ್ಟು ಮೌನ. ಜಾತ್ರೆಯ ಗ್ಯಾಸ್‌ಲೈಟು, ಬೀಡಿ ಹೊಗೆ, ಚಾಪೆಯನ್ನು ಕಲ್ಪಿಸಿಕೊಂಡಿದ್ದ ನನಗೆ ಜೂಜು ಇಷ್ಟು ಮರ್ಯಾದಸ್ಥ ಇರಬಹುದು ಅನಿಸಿರಲಿಲ್ಲ. ಒಂದು ಮೇಜಿನಲ್ಲಿ ವಯಸ್ಸಾದವರೊಬ್ಬರು ದುಂಡನೆ ಚಿಪ್ ಅಲ್ಲ, ಸಾಬೂನಿನಷ್ಟಗಲದ ಬಿಲ್ಲೆಗಳನ್ನು ಇಡುತ್ತಿದ್ದರು. ಅದರ ಮೇಲಿನ ಸೊನ್ನೆ ಎಣಿಸಿ ನನ್ನ ವರ್ಷದ ಸಂಬಳ ನೆನಪಾಯಿತು. ಬಿಲ್ಲೆ ಹೋಯಿತು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಲೆಕ್ಕ ಸರಳ. ಚಕ್ರದಲ್ಲಿ 37 ಮನೆ: 1ರಿಂದ 36, ಮತ್ತೊಂದು ಸೊನ್ನೆ. ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಸಿಗೋದು 35 ಪಟ್ಟು. ಆ ಒಂದು ಸೊನ್ನೆಯಿಂದಾಗಿ ನೂರು ಕಟ್ಟಿದರೆ ಸರಾಸರಿ 2.7 ಮನೆಯವರ ಪಾಲು. ಕೆಲವು ಮೇಜುಗಳಲ್ಲಿ ಸೊನ್ನೆ ಬಂದಾಗ ಕೆಂಪು-ಕಪ್ಪಿಗೆ ಕಟ್ಟಿದವರಿಗೆ ಅರ್ಧ ವಾಪಸ್ ಸಿಗುತ್ತೆ, ಅಷ್ಟೇ. ಅಂದರೆ ಇಡೀ ಕಟ್ಟಡದಲ್ಲಿ ಜೂಜಾಡದೇ ಇರೋದು ಒಬ್ಬರೇ, ಕ್ಯಾಸಿನೋದವರು.

ಈ ಲೆಕ್ಕವನ್ನು ಮುರಿದವರು ಇಲ್ಲವೆಂದಲ್ಲ. ಇಂಗ್ಲೆಂಡಿನ ಬಟ್ಟೆ ಗಿರಣಿ ಹಿನ್ನೆಲೆಯ ಜೋಸೆಫ್ ಜಾಗರ್, ಯಾವ ಯಂತ್ರದ ಚಕ್ರವೂ ಪೂರ್ತಿ ಸಮತೋಲದಲ್ಲಿ ಇರೋದಿಲ್ಲ ಅಂತ ತಿಳಿದವನು. ಸಹಾಯಕರನ್ನು ಕೂರಿಸಿ ಬಂದ ಸಂಖ್ಯೆಗಳನ್ನೆಲ್ಲ ಬರೆಸಿ, ವಾಲಿದ ಚಕ್ರವನ್ನು ಹುಡುಕಿ ಗೆದ್ದ. ಕ್ಯಾಸಿನೋದವರು ಚಕ್ರಗಳನ್ನು ಬದಲಾಯಿಸಿದರು. ಅವನು ಗೆದ್ದ ದುಡ್ಡಿನೊಡನೆ ಮನೆಗೆ ಹೋದ. 1891ರಲ್ಲಿ ಬಂದ ಚಾರ್ಲ್ಸ್ ವೆಲ್ಸ್ ಅದೃಷ್ಟದಿಂದ ಗೆದ್ದ. ಅವನ ಮೇಲೆ ಹಾಡೇ ಹುಟ್ಟಿತು. ಅವನು ಕಟ್ಟಿದ್ದು ಬೇರೆಯವರಿಗೆ ಮೋಸ ಮಾಡಿ ತಂದ ದುಡ್ಡು. ಜೈಲು ಕಂಡು, 1922ರಲ್ಲಿ ಬಡವನಾಗಿ ಸತ್ತ. ಹಾಡು ಮಾತ್ರ ಇನ್ನಷ್ಟು ಜನರನ್ನು ರೈಲು ಹತ್ತಿಸಿತು.

ನನ್ನ ದೊಡ್ಡಪ್ಪ ಇದ್ದಿದ್ದರೆ 1913ರ ಆಗಸ್ಟ್ 18ರ ರಾತ್ರಿ ಇಲ್ಲಿರುತ್ತಿದ್ದರು. ಅವತ್ತು ಒಂದು ಮೇಜಿನಲ್ಲಿ ಸತತ 26 ಸಲ ಕಪ್ಪೇ ಬಂತು. ಹದಿನೈದರ ಆಸುಪಾಸಿನಲ್ಲಿ ಜನ ಮುಗಿಬಿದ್ದು ಕೆಂಪಿಗೆ ಕಟ್ಟತೊಡಗಿದರು, ದುಪ್ಪಟ್ಟು ದುಪ್ಪಟ್ಟಾಗಿ. ಇಷ್ಟು ಸಲ ಕಪ್ಪು ಬಂದಿದೆ, ಈಗ ಕೆಂಪು ಬರಲೇಬೇಕು! ಲಕ್ಷಾಂತರ ಫ್ರಾಂಕ್ ಹೋಯಿತು. 26 ಸಲ ಸತತ ಕಪ್ಪು ಬರೋ ಸಂಭವ ಸುಮಾರು 13.7 ಕೋಟಿಯಲ್ಲಿ ಒಂದು, ನಿಜ. ಆದರೆ 25 ಬಂದಾದ ಮೇಲೆ ಇಪ್ಪತ್ತಾರನೆಯದೂ ಕಪ್ಪಾಗೋ ಸಂಭವ 37ರಲ್ಲಿ 18, ಎಂದಿನಷ್ಟೇ. ಚೆಂಡಿಗೆ ನೆನಪಿನ ಶಕ್ತಿ ಇಲ್ಲ.

ಇದೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ ಕೇಳಿ. ಕಡಿಮೆ ದುಡ್ಡಿನ ಮೇಜೊಂದರ ಮುಂದೆ 60 ಯೂರೋಗೆ ಮೂರು ಚಿಪ್ ಹಿಡಿದು ನಿಂತಿದ್ದೆ. ಬೋರ್ಡಿನಲ್ಲಿ ಸತತ ಐದು ಕೆಂಪು. ಕೈ ತಾನಾಗಿ ಕಪ್ಪಿನ ಕಡೆ ಹೋಯಿತು. ಕೆಂಪು ಬಂತು. ಮತ್ತೆ ಕಪ್ಪಿಗಿಟ್ಟೆ. ಮತ್ತೆ ಕೆಂಪು. ಕಾಲೇಜಿನಲ್ಲಿ ಪ್ರಾಬಬಿಲಿಟಿಗೆ ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತು ಅನ್ನೋದನ್ನು ಇಲ್ಲಿ ನಾಚಿಕೆಯಿಂದ ಹೇಳುತ್ತಿದ್ದೇನೆ. ಹತ್ತಿರದಲ್ಲಿ ಎಟಿಎಂ ಎಲ್ಲಿರಬಹುದು ಅಂತ ಮನಸ್ಸು ಆಗಲೇ ಯೋಚಿಸುತ್ತಿತ್ತು. "ಏಳು ಸಲ ಆಯ್ತು, ಈಗ ಕಪ್ಪು ಬರಲೇಬೇಕು." ನನ್ನ ತಲೆಯೊಳಗೇ, ನಾನು ನೋಡೇ ಇರದ ದೊಡ್ಡಪ್ಪನ ಮಾತು!

ಉಳಿದ ಒಂದು ಚಿಪ್ ದುಡ್ಡು ಮಾಡಿಕೊಂಡು ಹೊರಗೆ ಬಂದೆ. ಮುಂದಿನ ಆಟದಲ್ಲಿ ಏನು ಬಂತು ಅಂತ ತಿರುಗಿ ನೋಡಲಿಲ್ಲ.

ಹಿಂದೆಲ್ಲ ಇಲ್ಲಿ ಪೂರ್ತಿ ದಿವಾಳಿಯಾದವರಿಗೆ ಕ್ಯಾಸಿನೋದವರೇ ಊರಿಗೆ ಹೋಗಲು ರೈಲು ಚಾರ್ಜು ಕೊಟ್ಟು ಕಳಿಸುತ್ತಿದ್ದರು. ಅದಕ್ಕೆ 'ವಿಯಾಟಿಕ್' ಅಂತ ಹೆಸರು. ದಯೆಯೂ ಇರಬಹುದು, ಊರಲ್ಲಿ ಹೆಣ ಬೀಳದಿರಲಿ ಅನ್ನೋ ಲೆಕ್ಕವೂ ಇರಬಹುದು. ದೊಡ್ಡಪ್ಪನ ಎರಡು ರೂಪಾಯಿಗೂ ಫ್ರೆಂಚಿನಲ್ಲಿ ಒಂದು ಹೆಸರಿದೆ ಅಂತಾಯ್ತು. ನನ್ನ ವಿಯಾಟಿಕ್ ನಾನೇ ಉಳಿಸಿಕೊಂಡಿದ್ದೆ.

ರೈಲಿನಲ್ಲಿ ಕೂತಾಗ ನನ್ನ ಕೋಡಿನ ಹೆಸರು ನೆನಪಾಯಿತು. 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬನೇ ಇಸ್ಪೀಟು ಆಡುತ್ತಿದ್ದಾಗ ಈ ವಿಧಾನ ಹೊಳೆದದ್ದು. ಸೂತ್ರ ಸಿಗದಿದ್ದರೆ ಸಾವಿರಾರು ಸಲ ಆಡಿಸಿ ನೋಡಿ ಎಣಿಸೋದು. ಅದಕ್ಕೆ ಮಾಂಟೆ ಕಾರ್ಲೋ ಅಂತ ಹೆಸರು ಸೂಚಿಸಿದವನು ಅವನ ಸಹೋದ್ಯೋಗಿ ನಿಕೋಲಸ್ ಮೆಟ್ರೋಪೊಲಿಸ್. ಕಾರಣ, ಮಾಂಟೆ ಕಾರ್ಲೋಗೆ ಹೋಗಲೇಬೇಕು ಅಂತ ನೆಂಟರಿಷ್ಟರ ಹತ್ತಿರವೆಲ್ಲ ಸಾಲ ಕೇಳುತ್ತಿದ್ದ ಉಲಾಮ್‌ನ ಒಬ್ಬ ಮಾವ ಅಥವಾ ಚಿಕ್ಕಪ್ಪ. 1949ರಲ್ಲಿ ಇಬ್ಬರೂ ಸೇರಿ ಅದೇ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಿದರು. ನಾನು ದಿನಾ ಟೈಪ್ ಮಾಡೋ ಹೆಸರಿನ ಹಿಂದೆ ಇರೋದು ರಾಜನಲ್ಲ, ಚಿನ್ನದ ಚಾವಣಿಯಲ್ಲ, ಮನೆಮಂದಿ ನೋಡಿದರೆ ತಲೆ ತಪ್ಪಿಸಿಕೊಳ್ಳುತ್ತಿದ್ದಂಥ ಒಬ್ಬ ಸಾಲಗಾರ ಬಂಧು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಎಷ್ಟು ಹೋಯ್ತು?"

"ನಲವತ್ತು ಯೂರೋ ಅಪ್ಪಾ. ಅಷ್ಟಕ್ಕೇ ಎದ್ದು ಬಂದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಅಣ್ಣನೂ ಮೊದಲನೇ ದಿನ ನಲವತ್ತೇ ರೂಪಾಯಿಗೆ ಎದ್ದು ಬಂದಿದ್ದ ಮಾರಾಯ."